ಹಾಜರಿ ಪುಸ್ತಕದೊಳಗೆ ಅಜ್ಜನ ಅಜ್ಜ

ಬೈಂಡರ್‌ಗೆ ತನ್ನ ಭಾವನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆಡಿದ ಮಾತನ್ನು ಭಾವ ಯಾವತ್ತೋ ಮರೆತಿರಬಹುದು. ಆದರೆ ಅಂದು ಅಕ್ಕನ ಮನೆಯ ಊಟದ ಮೇಜಿನ ಸುತ್ತ ಕೂತಿದ್ದ ಹದಿನಾಲ್ಕು ಮಂದಿಯಲ್ಲಿ ನಕ್ಕವರು ಹನ್ನೆರಡು ಎಂಬುದು ಬೈಂಡರ್‌ಗೆ ಬಾಯಿಪಾಠ. ನಗದೆ ಉಳಿದವರು ಇಬ್ಬರೇ. ಒಬ್ಬ ಅವನು. ಇನ್ನೊಂದು ಆಗ ತಾನೇ ನಿದ್ದೆ ಹೋಗಿದ್ದ ಕೂಸು. ಅವನ ಸ್ವಂತ ಹೆಂಡತಿ ಆ ಹನ್ನೆರಡರಲ್ಲಿ ಒಬ್ಬಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳೆಂಬುದಷ್ಟೇ ಅವಳ ಮರ್ಯಾದೆ!

ಭಾವ ಶಾಲೆಯ ಹೆಡ್‌ಮಾಸ್ಟರ್. ನಾಲಿಗೆಯನ್ನು ದಿನವೂ ಸಾಣೆ ಹಿಡಿದು ಇಟ್ಟುಕೊಂಡಿರುವ ಆಸಾಮಿ. ಅಂದು ಅವನು ನೀರಿನ ಲೋಟ ಎತ್ತಿ ಹಿಡಿದು ಹೇಳಿದ್ದು ಇಷ್ಟು: "ನಮ್ಮ ಬಾಮೈದನ ಮನೆಯವರು ತಲೆತಲಾಂತರದಿಂದ ಪುಸ್ತಕದ ಜೊತೆಗೇ ಬದುಕಿದವರಪ್ಪ. ಆದ್ರೆ ಹೊರಗಡೆ! ಒಳಗಡೆ ಏನಿದೆ ಅಂತ ಒಬ್ಬರೂ ಇಣುಕಿ ನೋಡಿಲ್ಲ!"

ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಅಪ್ಪನ ಬೈಂಡಿಂಗ್ ಅಂಗಡಿಯಲ್ಲಿ ಸೂಜಿ ಹಿಡಿದವನಿಗೆ ಇದು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅಂದಿನಿಂದ ಭಾವನೊಡನೆ ಮಾತು ಬಂದ್. ಶಾಲೆಯ ರಿಜಿಸ್ಟರುಗಳ ಕೆಲಸ ಮಾತ್ರ ಅಕ್ಕನ ಕೈಯಲ್ಲಿ ಬರುತ್ತಿತ್ತು, ಅಕ್ಕನ ಕೈಯಲ್ಲೇ ಹೋಗುತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು. ಒಂದು ಬೆಳಗ್ಗೆ ಬೈಂಡರ್ ಅಂಗಡಿಯ ನಡುವೆ ನಿಂತು ರಟ್ಟಿನ ಅಟ್ಟಿಗಳೆದುರು ಘೋಷಿಸಿದ:

"ನಮ್ಮ ವಂಶದ ಚರಿತ್ರೆಯನ್ನ ಬೇರುಸಮೇತ ಕಿತ್ತು ತೆಗೆದು, ಪುಸ್ತಕದ ಒಳಗಡೆ ನೋಡಿದವರು ಯಾರು ಅಂತ ಜಗತ್ತಿಗೆ ತೋರಿಸದೆ ಇದ್ರೆ ನಾನು ಬೈಂಡರೇ ಅಲ್ಲ!"

"ಜಗತ್ತಿಗೆ ಆಮೇಲೆ ತೋರಿಸೋರಂತೆ," ಎಂದಳು ಹೊಲಿಗೆ ಚೌಕಟ್ಟಿನ ಹಿಂದೆ ಕೂತಿದ್ದ ಹೆಂಡತಿ. "ಮೊದಲು ಡಾಕ್ಟರ ಪುಸ್ತಕ ಮುಗಿಸಿ. ಮೂರು ಸಲ ಜನ ಕಳಿಸಿದ್ದಾರೆ."

ವಂಶದ ಚರಿತ್ರೆ ಎರಡು ಬೀದಿ ಆಚೆ, ಸೋದರತ್ತೆಯ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿತ್ತು. ಅಜ್ಜನ ಅಜ್ಜ ಬರೆದಿಟ್ಟ ದಿನಚರಿ ಅದು. ಸಾವಿರದ ಎಂಟುನೂರ ಅರವತ್ತೆಂಟರಲ್ಲಿ ಶುರುವಾಗಿ ಇಪ್ಪತ್ತು ಚಿಲ್ಲರೆ ವರ್ಷ ನಡೆದದ್ದು. ಹುಟ್ಟು, ಸಾವು, ಮದುವೆ, ಮನೆ ಬದಲಿಸಿದ್ದು ಎಲ್ಲ ಅದರಲ್ಲಿದೆಯೆಂದು ಪ್ರತೀತಿ. ಅಜ್ಜನ ಅಜ್ಜ ಬೀದಿದೀಪ ಹಚ್ಚುವ ಕೆಲಸದಲ್ಲಿದ್ದ. ಸಂಜೆಯಾದರೆ ಏಣಿ ಹೆಗಲಿಗೇರಿಸಿ ಕಂಬದಿಂದ ಕಂಬಕ್ಕೆ ಹೋಗುತ್ತಿದ್ದನಂತೆ. ಇಷ್ಟು ಬಿಟ್ಟರೆ ಯಾರಿಗೂ ಏನೂ ತಿಳಿಯದು.

ಎಂಬತ್ತನಾಲ್ಕರ ಅತ್ತೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಸವರಿದಳು.

"ನಮ್ಮಪ್ಪ ಇದನ್ನ ಬಾಗಿಲು ಹಾಕ್ಕೊಂಡು ಓದೋರು ಕಣೋ. ಏನಿದೆಯಪ್ಪಾ ಅಂದ್ರೆ, 'ಗಂಡಸರ ವಿಷಯ' ಅನ್ನೋರು. ಅವರು ಹೋದ್ಮೇಲೆ ನಾನೇ ಕಾಪಾಡ್ಕೊಂಡು ಬಂದೆ. ಓದೋಕೆ ನನಗೆ ಅಕ್ಷರ ಬರಲ್ಲ. ಓದಿ ಹೇಳಿ ಅಂತ ಕೇಳಿದವರೆಲ್ಲ 'ನಾಳೆ ಅತ್ತೆ, ನಾಳೆ' ಅಂದ್ರು. ಅರವತ್ತು ವರ್ಷ ಆಯ್ತು, ನಾಳೆ ಬರಲೇ ಇಲ್ಲ."

"ನಾನಿದ್ದೀನಿ ಅತ್ತೆ!"

"ಇದ್ದೀಯ, ಅದೇ ಭಯ," ಎಂದಳು ಅತ್ತೆ. "ಎಂಟು ದಿನ ಕೊಡ್ತೀನಿ. ಹರಿದಿರೋದನ್ನ ಸರಿ ಮಾಡಿ ತಂದು, ನನ್ನ ಮುಂದೆ ಕೂತು ಮೊದಲಿಂದ ಕೊನೆವರೆಗೂ ಓದಬೇಕು. ಕಣ್ಣು ಮುಚ್ಚೋದ್ರೊಳಗೆ ಒಂದು ಸಲ ಕೇಳಬೇಕು ಅಂತ ಆಸೆ. ಒಂದಕ್ಷರ ಕಳೆದು ತಂದ್ರೂ ನಿನ್ನ ಮುಖ ನೋಡಲ್ಲ."

ಬೈಂಡರ್ ಪುಸ್ತಕವನ್ನು ಎದೆಗವಚಿಕೊಂಡು ಓಡಿದ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅಪ್ಪನ ಕಾಲದ ಕತ್ತರಿಸುವ ಯಂತ್ರವಿದೆ. ಲಾರಿಯ ಸ್ಟೇರಿಂಗಿನಷ್ಟು ದೊಡ್ಡ ಕಬ್ಬಿಣದ ಚಕ್ರ, ಹಿಡಿದೂ ಹಿಡಿದೂ ಕನ್ನಡಿಯಾದ ಹಿಡಿಕೆ. ಅದರ ಮುಂದೆ ನಿಂತಾಗಲೆಲ್ಲ ಬೈಂಡರ್‌ಗೆ ಅಪ್ಪನ ಬೆರಳುಗಳ ನೆನಪಾಗುತ್ತದೆ. ತುದಿಗಳಲ್ಲಿ ಅಂಟು ಒಣಗಿ ಸಿಪ್ಪೆಯೇಳುತ್ತಿದ್ದ ಆ ಬೆರಳುಗಳು, ಗೋಡೆ ಮೂಲೆಯಲ್ಲಿ ಕುದಿಯುವ ಹಿಟ್ಟಿನ ವಾಸನೆ, ಮಳೆಗಾಲದಲ್ಲಿ ಹಸಿ ರಟ್ಟಿನ ವಾಸನೆ, ಶನಿವಾರ ಸಂಜೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಅಪ್ಪ ಗುನುಗುತ್ತಿದ್ದ ಅರ್ಧ ರಾಗ. ಅಪ್ಪ ಅವನಿಗೆ ಕಲಿಸಿದ ಮೊದಲ ಪಾಠ ಸೂಜಿಯದೂ ಅಲ್ಲ, ಅಂಟಿನದೂ ಅಲ್ಲ.

"ಗಿರಾಕಿ ಪುಸ್ತಕ ಓದಬಾರದು ಮಗ. ಡಾಕ್ಟರ ಪುಸ್ತಕದಲ್ಲಿ ಯಾರದೋ ಕಾಯಿಲೆ, ವಕೀಲರ ಪುಸ್ತಕದಲ್ಲಿ ಯಾರದೋ ಜಗಳ. ಓದಿದ್ರೆ ಕೈ ನಿಲ್ಲುತ್ತೆ, ನಾಲಿಗೆ ಓಡುತ್ತೆ. ನಮ್ಮ ಕಣ್ಣು ಅಂಚಿನ ಮೇಲಿರಬೇಕು, ಅಕ್ಷರದ ಮೇಲಲ್ಲ."

ನಲವತ್ತು ವರ್ಷ ಈ ಮಾತು ಪಾಲಿಸಿದ ಕಣ್ಣಿಗೆ ಈಗ ಹಾಳೆಯೆಂದರೆ ಬರೀ ನಾಲ್ಕು ಅಂಚು. ನಡುವೆ ಇರುವುದೆಲ್ಲ ಇರುವೆ ಸಾಲು!

"ಮೊದಲು ಓದಿ ರೀ, ಆಮೇಲೆ ಕತ್ತರಿಸಿ," ಎಂದಳು ಹೆಂಡತಿ, ಡಾಕ್ಟರ ಪುಸ್ತಕ ತಲುಪಿಸಲು ಹೊರಟವಳು.

"ನನಗೆ ಕಸುಬು ಹೇಳಿಕೊಡ್ತೀಯಾ? ಈ ಅಂಚು ನೋಡು, ಕೊಳೆತ ಎಲೆ ಥರ ಆಗಿದೆ! ಇಂಥದ್ದನ್ನ ಹಿಡ್ಕೊಂಡು ಓದಿದ್ರೆ ನನ್ನ ವಂಶ ನನ್ನ ಕೈಯಲ್ಲೇ ಪುಡಿಯಾಗುತ್ತೆ!"

ಅವಳು ಹೋದಳು. ಇವನು ಪುಸ್ತಕವನ್ನು ಬಿಚ್ಚಿ, ತಟ್ಟಿ, ಸಮಮಾಡಿ, ಯಂತ್ರದ ಬಾಯಿಗಿಟ್ಟು ಚಕ್ರ ತಿರುಗಿಸಿದ. ಕರ್ರ್ ಎಂದಿತು. ಹೊರ ಅಂಚಿನಿಂದ ಎರಡು ಬೆರಳಗಲದ ನಲವತ್ತೈದು ಪಟ್ಟಿಗಳು ಕೆಳಗೆ ಬಿದ್ದವು. ಜಿಡ್ಡು, ಮಸಿ, ಹುಳದ ಗುರುತು, ಏನೇನೋ ಕಲೆ. ಕನ್ನಡಕ ಯಾಕೆ ಬೇಕು? ಕಲೆ ಅಂದರೆ ಕಲೆ! ಉಳಿದ ಪುಸ್ತಕ ಮಾತ್ರ ಆಹಾ, ಹೊಸದಾಗಿ ಕ್ಷೌರ ಮಾಡಿಸಿಕೊಂಡ ಮದುಮಗ!

ಆದರೆ ಬೈಂಡರ್ ಕಾಗದವನ್ನು ಹಾಗೇ ಬಿಸಾಡುವ ಪೈಕಿ ಅಲ್ಲ. ಬಟ್ಟೆಯ ನಾರಿನಿಂದ ಮಾಡಿದ ಹಳೇ ಕಾಗದ, ಎಳೆದರೂ ಹರಿಯದು. ಪುಸ್ತಕದ ಬೆನ್ನಿಗೆ ಒಳಗಡೆಯಿಂದ ಅಂಟಿಸಲು ಇದಕ್ಕಿಂತ ಒಳ್ಳೆಯ ಪಟ್ಟಿ ಈ ಭೂಮಿಯ ಮೇಲಿಲ್ಲ. ಅಲ್ಲೇ ಶಾಲೆಯ ಒಂಬತ್ತು ಹಾಜರಿ ರಿಜಿಸ್ಟರುಗಳು ಬೆನ್ನು ತೆರೆದುಕೊಂಡು ಕೂತಿದ್ದವು. ಒಂದೊಂದಕ್ಕೆ ಐದೈದರಂತೆ ಅಂಟಿಸಿದ. ಮೇಲೆ ಕೆಂಪು ಬಟ್ಟೆ ಹೊದಿಸಿದ. ಎರಡು ದಿನ ಒಣಗಿಸಿ ಅಕ್ಕನ ಕೈಲಿ ಕಳಿಸಿಕೊಟ್ಟ. ಬಳಿಕ ವಂಶದ ಪುಸ್ತಕಕ್ಕೆ ಚರ್ಮದ ರಟ್ಟು ಹಾಕಿ, ಬೆನ್ನಿನ ಮೇಲೆ ಚಿನ್ನದ ಗೆರೆ ಎಳೆದು, ಕೈ ತೊಳೆದು, ಕನ್ನಡಕ ಹಾಕಿ, ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಮೊದಲ ಪುಟ ತೆರೆದ.

"'ಈ ಪುಸ್ತಕವನ್ನು ನಾನು ಸ್ವಹಸ್ತದಿಂದ ಬರೆದಿರುತ್ತೇನೆ.' ಕೇಳಿದ್ಯಾ? ಸ್ವಹಸ್ತ! ಎಲ್ಲಿದ್ದಾನೆ ನಿನ್ನ ಹೆಡ್‌ಮಾಸ್ಟರ್? ಕರೆಸು!"

ಹೆಂಡತಿ ಪುಟದ ಮೇಲೆ ಬಗ್ಗಿದಳು.

"ಇಲ್ಲೊಂದು ಅರ್ಧ ಅಕ್ಷರ ಇದೆಯಲ್ಲ ರೀ. ಇನ್ನರ್ಧ ಎಲ್ಲಿ?"

"ಎಲ್ಲಿ?"

"ಅಂಚಿನಲ್ಲಿ. ಇಲ್ಲಿ ನೋಡಿ, ಸಾಲಿನಿಂದ ಒಂದು ಗೆರೆ ಹೊರಗೆ ಹೋಗಿದೆ." ಅವಳು ಪುಟ ತಿರುವಿದಳು. ಮತ್ತೊಂದು ತಿರುವಿದಳು. ಹತ್ತು ತಿರುವಿದಳು. "ಎಲ್ಲ ಪುಟದಲ್ಲೂ ಇದೆ. ಅಂಚಿನ ಉದ್ದಕ್ಕೂ ಯಾರೋ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ ರೀ. ಕತ್ತರಿಸಿದ ಪಟ್ಟಿ ಎಲ್ಲಿಟ್ರಿ?"

ಬೈಂಡರ್ ರಿಜಿಸ್ಟರುಗಳಿದ್ದ ಖಾಲಿ ಜಾಗವನ್ನು ನೋಡಿದ. ಒಂದಕ್ಷರ ಕಳೆದರೂ ಮುಖ ನೋಡುವುದಿಲ್ಲ ಎಂದಿದ್ದಳು ಅತ್ತೆ. ಇವನು ನಲವತ್ತೈದು ಹಾಳೆಯ ಅಂಚು ಕಳೆದಿದ್ದ.

"ಯಾವ ಅಂಟು ಹಾಕಿದ್ರಿ?" ಎಂದು ಕೇಳಿದಳು ಹೆಂಡತಿ, ವಿಷಯ ತಿಳಿದ ಮೇಲೆ.

"ಡಬ್ಬಿ ಅಂಟು ಮುಗಿದಿತ್ತು. ನೀನು ಕುದಿಸಿಟ್ಟಿದ್ದ ಹಿಟ್ಟಿನ ಅಂಟು."

"ಬದುಕಿಕೊಂಡ್ರಿ. ಒದ್ದೆ ಬಟ್ಟೆ ಇಟ್ರೆ ಬಿಡುತ್ತೆ. ನಡೀರಿ ಶಾಲೆಗೆ."

"ನಾನಾ? ಅವನ ಹತ್ತಿರವಾ? ನನ್ನ ಹೆಣ ಹೋದೀತು!"

"ಹೆಣ ಆಮೇಲೆ ಹೋಗಲಿ. ಈಗ ನೀವು ಹೋಗಿ. ಅತ್ತೆ ಕೊಟ್ಟಿದ್ದರಲ್ಲಿ ಉಳಿದಿರೋದು ಮೂರೇ ದಿನ."

ಮರುದಿನ ಹುಲಿಯ ಹಾಗೆ ಎದೆಯುಬ್ಬಿಸಿ ಹೊರಟವನು ಹೆಡ್‌ಮಾಸ್ಟರ ಕೋಣೆಯ ಬಾಗಿಲು ಮುಟ್ಟುವಾಗ ಬೆಕ್ಕಿನ ಅಳತೆಗೆ ಇಳಿದಿದ್ದ.

"ಓಹೋ!" ಎಂದ ಭಾವ. "ಎರಡು ವರ್ಷ ಆಯ್ತಲ್ಲ, ಈ ಕಂಠ ಕೇಳಿ!"

"ಇನ್ನೂ ಮಾತಾಡಿಲ್ಲ ನಾನು!" ಎಂದು ಸಿಡಿದ ಬೈಂಡರ್. ಹಾಗೆನ್ನುತ್ತ ಮಾತಾಡಿಬಿಟ್ಟಿದ್ದ! "ಆ ಒಂಬತ್ತು ಹಾಜರಿ ರಿಜಿಸ್ಟರ್ ವಾಪಸ್ ಬೇಕು."

"ಯಾಕಪ್ಪಾ? ಹುಟ್ಟಿದಾಗಿನಿಂದ ಮೊದಲನೇ ಸಲ ಹೇಳಿದ ದಿನಕ್ಕೆ ಕೊಟ್ಟಿದ್ದೀಯ."

"ಅದರೊಳಗೆ ನಮ್ಮ ಅಜ್ಜನ ಅಜ್ಜ ಇದ್ದಾರೆ."

ಭಾವ ಕನ್ನಡಕವನ್ನು ಮೂಗಿನ ತುದಿಗೆ ತಂದ. "ಹಾಜರಿ ಪುಸ್ತಕದಲ್ಲಾ? ಎಷ್ಟನೇ ಕ್ಲಾಸು?"

ಬೇರೆ ದಿನವಾಗಿದ್ದರೆ ಮೇಜು ಉರುಳುತ್ತಿತ್ತು. ಅಂದು ಬೈಂಡರ್ ತಲೆ ತಗ್ಗಿಸಿ, ಯಂತ್ರದಿಂದ ಅತ್ತೆಯವರೆಗೆ ಎಲ್ಲವನ್ನೂ ಒಪ್ಪಿಸಿದ. ಭಾವ ನಗಲಿಲ್ಲ. ಅದೇ ಹೆಚ್ಚು ಉರಿಯಿತು.

"ರಿಜಿಸ್ಟರ್ ಹೊರಗೆ ಕೊಡೋ ಹಾಗಿಲ್ಲ, ಹಾಜರಿ ಹಾಕಾಗಿದೆ. ನಿನ್ನ ಸಾಮಾನು ಇಲ್ಲಿಗೇ ತಾ. ಇಲ್ಲೇ ಬಿಚ್ಚು, ಇಲ್ಲೇ ಕಟ್ಟು, ಸಂಜೆಯೊಳಗೆ ಒಂಬತ್ತೂ ಬೀರುವಿಗೆ ಹೋಗಬೇಕು. ಇನ್ನೊಂದು. ಆ ಹಳೇ ಕೈಬರಹ ನಿನಗೆ ಓದೋಕೆ ಆಗುತ್ತಾ?"

ಆಗುತ್ತಿರಲಿಲ್ಲ. ಮೊದಲ ಪುಟದ ದಪ್ಪ ಅಕ್ಷರ ಸರಿ, ಅಂಚಿನದು ಸಾಸಿವೆ ಕಾಳಿನಷ್ಟು.

ಹೀಗೆ ಉಪಾಧ್ಯಾಯರ ಕೋಣೆ ಬೈಂಡಿಂಗ್ ಅಂಗಡಿಯಾಯಿತು. ಹೆಂಡತಿ ಅಂಟಿನ ಪಾತ್ರೆ, ದಾರ, ತೂಕದ ಕಲ್ಲು, ವಂಶದ ಪುಸ್ತಕ ಎಲ್ಲ ಹೊತ್ತು ತಂದಳು. ಬೈಂಡರ್ ಒಂದೊಂದೇ ಬೆನ್ನಿಗೆ ಒದ್ದೆ ಬಟ್ಟೆಯಿಟ್ಟು, ಹಾಳೆ ಮಡಿಸುವ ಮೂಳೆಯ ಅಲಗಿನಿಂದ ಮೆಲ್ಲಗೆ ಎಬ್ಬಿಸಿ, ಪೂರ್ವಜರನ್ನು ಹೊರಗೆಳೆದ. ಹಳೇ ಮಸಿ ಜಪ್ಪಯ್ಯ ಎಂದಿರಲಿಲ್ಲ. ಪುಟವನ್ನು ಭಾವ ಓದುವುದು, ಆ ಪುಟದ ಪಟ್ಟಿಯನ್ನು ಭೂತಗನ್ನಡಿಯಡಿ ಹಿಡಿದು ಹೆಂಡತಿ ಓದುವುದು ಎಂದಾಯಿತು. ಬಿಡುವಾದ ಉಪಾಧ್ಯಾಯರೆಲ್ಲ ಕುರ್ಚಿ ಎಳೆದುಕೊಂಡರು.

ಭಾವ ಗಂಟಲು ಸರಿಮಾಡಿದ. "'ಈ ಪುಸ್ತಕವನ್ನು ನಾನು ಸ್ವಹಸ್ತದಿಂದ ಬರೆದಿರುತ್ತೇನೆ.'"

"ನೋಡಿ!" ಎಂದ ಬೈಂಡರ್, ಅಂಟಿನ ಕೈ ಮೇಲೆತ್ತಿ. "ಎಲ್ಲರೂ ಕೇಳಿಸ್ಕೊಳ್ಳಿ! ಸ್ವಹಸ್ತ!"

ಹೆಂಡತಿ ಪಟ್ಟಿ ಓದಿದಳು. "'ಹೇಳುವವರು ಅವರು. ಹಸ್ತ ನನ್ನದು. ಅವರಿಗೆ ಅಕ್ಷರ ಬರುವುದಿಲ್ಲ. ಅಂಚಿನಲ್ಲಿ ಏನು ಬರೆದೆ ಎಂದು ಕೇಳಿದರು. ಅಲಂಕಾರ ಎಂದೆ.'"

ಗಣಿತದ ಮೇಡಂ ಮೊದಲು ನಕ್ಕರು, ಅವರ ಹಿಂದೆ ಇಡೀ ಶಾಲೆ. ಬೈಂಡರ್‌ನ ಎತ್ತಿದ ಕೈ ಇಂಗು ತಿಂದ ಮಂಗನ ಕೈಯಂತೆ ಗಾಳಿಯಲ್ಲೇ ಉಳಿಯಿತು. ಬರೆದವಳು ಅಜ್ಜನ ಅಜ್ಜಿ!

"'ಈ ದಿನ ದೊಡ್ಡ ಅಧಿಕಾರಿಗಳು ನಡುಬೀದಿಯಲ್ಲಿ ತಾವಾಗಿಯೇ ನಿಂತು ನನ್ನೊಡನೆ ಮಾತನಾಡಿದರು,'" ಎಂದು ಓದಿದ ಭಾವ.

"'ಏಣಿ ಪಕ್ಕಕ್ಕೆ ಇಡು ಎಂದರು,'" ಎಂದಿತು ಅಂಚು.

"'ಎರಡನೆಯ ಮಗ ಹುಟ್ಟಿದ. ಮೂಗು ನನ್ನದೇ.'"

"'ಹುಟ್ಟಿ ಮೂರು ದಿನ. ಮೂಗು ಇನ್ನೂ ಯಾರದೂ ಅಲ್ಲ.'"

"'ಅನ್ಯಾಯವನ್ನು ಸಹಿಸಲಾರದೆ ಈ ದಿನ ಕೆಲಸವನ್ನು ಶಾಶ್ವತವಾಗಿ ತ್ಯಜಿಸಿ ಬಂದೆ.'"

"'ಸಂಜೆ ಏಣಿ ತೆಗೆದುಕೊಂಡು ಹೋದರು. ತ್ಯಜಿಸಿದ್ದು ಯಾರಿಗೂ ಗೊತ್ತಾಗಿರಲಿಲ್ಲ.'"

ಇದನ್ನು ಓದಿ ಹೆಂಡತಿ ಗಾಜು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಅಯ್ಯೋ, ಇದು ನಮ್ಮ ಮನೆಯದೇ ಪುಸ್ತಕ ಕಣ್ರೀ, ಅನುಮಾನವೇ ಇಲ್ಲ!"

"ನಗೋದಕ್ಕೆ ಏನಿದೆ ಅದರಲ್ಲಿ?" ಎಂದು ಗುಡುಗಿದ ಬೈಂಡರ್. ಆ ಗುಡುಗಿಗೆ ಇನ್ನೊಂದು ಸುತ್ತು ನಗು.

ಒಂದು ಪುಟದಲ್ಲಿ ಒಂದೇ ಸಾಲಿತ್ತು. "'ಹೆಣ್ಣುಮಗು ತೀರಿಕೊಂಡಿತು,'" ಎಂದು ಓದಿದ ಭಾವ.

ಹೆಂಡತಿಯ ದನಿ ಇಳಿಯಿತು. "'ಹತ್ತು ತಿಂಗಳು. ನಾಲ್ಕು ಹಲ್ಲು ಬಂದಿತ್ತು. ಈ ಸಂಜೆ ಅವರು ದೀಪ ಹಚ್ಚಲು ಹೋಗಲಿಲ್ಲ, ಗೋಡೆಗೆ ಮುಖ ಮಾಡಿ ಕೂತರು. ನಮ್ಮ ಬೀದಿಯೆಲ್ಲ ಕತ್ತಲು. ಯಾರೂ ಬಂದು ಕೇಳಲಿಲ್ಲ. ಒಳ್ಳೆಯ ಜನ.'"

ಹೊರಗೆ ಮಕ್ಕಳು ಮಗ್ಗಿ ಕೂಗುವುದು ಕೇಳುತ್ತಿತ್ತು. ಭಾವ ಕಿಟಕಿಯತ್ತ ತಿರುಗಿ ಕನ್ನಡಕ ಒರೆಸಿದ. ಬೈಂಡರ್ ಬಾಗಿ, ಅಂಟು ಬೇಡದ ಜಾಗಕ್ಕೂ ಅಂಟು ಹಚ್ಚಿದ. ಗೋಡೆಗೆ ಮುಖ ಮಾಡಿ ಕೂರುವುದು ಅವನಿಗೆ ಗೊತ್ತು. ಅವನ ಅಪ್ಪನೂ ಹಾಗೇ ಕೂರುತ್ತಿದ್ದ.

ಒಂಬತ್ತನೆಯ ರಿಜಿಸ್ಟರು ಮೂರನೇ ತರಗತಿಯ ಮೇಡಂ ಕೈಯಲ್ಲಿತ್ತು. ಕೊನೆಯ ಗಂಟೆ ಹೊಡೆಯುವವರೆಗೆ ಅವರು ಅದನ್ನು ಬಿಡಲೊಪ್ಪಲಿಲ್ಲ. ಸಿಕ್ಕ ಕೂಡಲೇ ಬಿಚ್ಚಿ, ಐದು ಪಟ್ಟಿಗಳನ್ನು ಒತ್ತುಕಾಗದದ ನಡುವೆ ಒದ್ದೆಯಾಗಿಯೇ ಇಟ್ಟು, ಒಂಬತ್ತೂ ಬೆನ್ನುಗಳನ್ನು ಮತ್ತೆ ಕಟ್ಟಿ ಮುಗಿಸುವಾಗ ದೀಪ ಹಾಕುವ ಹೊತ್ತು. ಹೆಂಡತಿ ಪಟ್ಟಿಗಳನ್ನೆಲ್ಲ ಅಪ್ಪಿಕೊಂಡು ಮನೆಗೆ ನಡೆದಳು. ಆ ರಾತ್ರಿಯೂ ಮರುದಿನವೂ ಬೈಂಡರ್ ಒಂದೊಂದು ಪಟ್ಟಿಯನ್ನು ಅದರದರ ಹಾಳೆಗೆ ತೆಳುಕಾಗದದಿಂದ ಜೋಡಿಸಿದ. ಅರ್ಧಕ್ಕೆ ಅರ್ಧ ಅಕ್ಷರ ಕೂಡಿಸಿ ಕೂಡಿಸಿ. ಜೀವಮಾನದಲ್ಲಿ ಮೊದಲ ಸಲ ಅವನ ಕಣ್ಣು ಅಂಚಿನ ಮೇಲೂ ಇತ್ತು, ಅಕ್ಷರದ ಮೇಲೂ ಇತ್ತು.

ಎಂಟನೆಯ ದಿನ ಅತ್ತೆ ಪುಸ್ತಕದ ಹಾಳೆಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಎಲ್ಲ ಹಾಳೆಯಲ್ಲೂ ಗಾಯದ ಕಲೆ ಇದ್ದ ಹಾಗಿದೆಯಲ್ಲೋ. ಏನು ಮಾಡ್ದೆ?"

ಬೈಂಡರ್ ಹೇಳಿದ. ಅತ್ತೆ ಬಹಳ ಹೊತ್ತು ಅವನ ಮುಖ ನೋಡಿದಳು. ನೋಡುವುದಿಲ್ಲ ಎಂದಿದ್ದವಳು ನೋಡಿದಳು, ಅದೇ ಅವನಿಗೆ ಸಾಕಾಗಿತ್ತು.

"ಓದು," ಎಂದಳು.

ಅವನು ತಡವರಿಸುತ್ತ ಪುಟ ಓದಿದ. ಹೆಂಡತಿ ಅಂಚು ಓದಿದಳು. ಅತ್ತೆ ಏಣಿಗೆ ನಕ್ಕಳು, ಮೂಗಿಗೆ ನಕ್ಕಳು. "ಗಂಡಸರ ವಿಷಯ ಅಂತೆ! ಹೌದು, ಗಂಡಸರ ವಿಷಯವೇ!" ಎಂದು ತೊಡೆ ತಟ್ಟಿಕೊಂಡಳು. ಹಲ್ಲು ಬಂದಿದ್ದ ಮಗುವಿಗೆ ಸೆರಗು ಕಣ್ಣಿಗೆ ಒತ್ತಿಕೊಂಡಳು. ಒದ್ದೆಯಾಗಿ ಬಂದಿದ್ದ ಕೊನೆಯ ಪಟ್ಟಿಯ ಸರದಿ ಬಂತು. ಅದನ್ನು ಯಾರೂ ಇನ್ನೂ ಓದಿರಲಿಲ್ಲ.

"'ನನಗೆ ಅಕ್ಷರ ಕಲಿಸಿದ್ದು ಹಿಂದಿನ ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದವಳು,'" ಎಂದು ಓದಿದಳು ಹೆಂಡತಿ. "'ಇದ್ದಿಲಿನಿಂದ ನೆಲದ ಮೇಲೆ ಬರೆದು ಕಲಿಸಿದಳು. ಏನು ಕೊಡಲಿ ಎಂದೆ. ಏನೂ ಬೇಡ, ನೀನೂ ಒಬ್ಬಳಿಗೆ ಕಲಿಸು ಎಂದಳು. ಮಗಳಿಗೆ ಕಲಿಸಲು ಇವರು ಬಿಡಲಿಲ್ಲ. ಸೊಸೆಗೆ ಬಿಡುವಿರಲಿಲ್ಲ. ಆ ಋಣ ಹಾಗೇ ಇದೆ.'"

ಪುಸ್ತಕ ಮುಗಿದಿತ್ತು. ಅತ್ತೆ ಬೆರಳು ಮಡಿಸಿ ಎಣಿಸಲು ಶುರುಮಾಡಿದಳು.

"ಮಗಳಿಗೆ ಇಲ್ಲ. ಸೊಸೆಗೆ ಇಲ್ಲ. ಆ ಸೊಸೆ ಅಂದ್ರೆ ನಮ್ಮಜ್ಜಿ. ಅಜ್ಜಿಗೆ ಬಾರದ್ದು ನಮ್ಮಮ್ಮನಿಗೆ ಎಲ್ಲಿಂದ ಬರಬೇಕು? ಅಮ್ಮನಿಗೆ ಬಾರದ್ದು ನನಗೆ ಎಲ್ಲಿಂದ?" ಬೆರಳುಗಳನ್ನು ಬೈಂಡರ್‌ನ ಮುಖದ ಮುಂದೆ ಹಿಡಿದಳು. "ಹಾಗಾದ್ರೆ ಇದು ನನಗೆ ಬರಬೇಕಾದ ಬಾಕಿ ಕಣೋ. ಕೊಡು."

"ಏನು ಕೊಡಲಿ ಅತ್ತೆ?"

"ಅಕ್ಷರ. ಕಣ್ಣು ಆಪರೇಷನ್ ಆಗಿದೆ, ಸೂಜಿಗೆ ದಾರ ಈಗ ನಾನೇ ಪೋಣಿಸ್ತೀನಿ. ನಾಳೆಯಿಂದ ಬಾ."

"ಅತ್ತೆ, ನಾನು ನಾಲ್ಕನೇ ಕ್ಲಾಸು. ಭಾವನನ್ನ ಕಳಿಸ್ತೀನಿ, ಇಲ್ಲಾ ಇವಳನ್ನ..."

"ಮನೆತನದ ಋಣ ಮನೆತನದವನೇ ತೀರಿಸಬೇಕು. ನಲವತ್ತೊಂಬತ್ತು ಅಕ್ಷರ ಅಂತೆ. ದಿನಕ್ಕೊಂದು ಕೊಟ್ರೂ ಎರಡು ತಿಂಗಳಿಗೆ ಮುಗೀತು."

ಎರಡು ತಿಂಗಳಿಗೆ ಮುಗಿದೀತು ಎಂದೇ ಬೈಂಡರ್ ಕೂಡ ಎಣಿಸಿ ಹೊಸ ಸ್ಲೇಟು ಕೊಂಡ. ಮೊದಲ ದಿನ ನಾಲ್ಕು ನಿಮಿಷ ಸುಸೂತ್ರವಾಗಿ ನಡೆಯಿತು.

"ಇದಕ್ಕೆ ಈ ಕೊಕ್ಕೆ ಯಾಕೆ?" ಎಂದಳು ಅತ್ತೆ.

"ಅದು ಹಾಗೇ ಅತ್ತೆ."

"ಹಾಗೇ ಅಂದ್ರೆ? ಯಾರು ಹೇಳಿದ್ದು?"

"ಎಲ್ಲರೂ ಹೇಳಿದ್ದು!"

"ಎಲ್ಲರೂ ಅಂದ್ರೆ ಯಾರು? ಕೊಕ್ಕೆ ಇಲ್ಲದೆ ಬರೆದ್ರೆ ಏನಾಗುತ್ತೆ?"

"ಏನಾಗುತ್ತೆ ಅಂದ್ರೆ... ಬರೀ ಅಂದ್ರೆ ಬರೀಬೇಕು ಅಷ್ಟೇ!" ಎಂದು ಬೈಂಡರ್ ಅಬ್ಬರಿಸಿದ. ಬಳಪ ಎರಡು ತುಂಡಾಯಿತು. ಪಕ್ಕದ ಮನೆಯ ಕಿಟಕಿ ತೆರೆಯಿತು.

ಅತ್ತೆ ಸ್ಲೇಟನ್ನು ಸೆರಗಿನಿಂದ ಒರೆಸಿ ಗೋಡೆಗೆ ಒರಗಿಸಿಟ್ಟಳು. "ಕೂಗಿದ ದಿನದ ಅಕ್ಷರ ಲೆಕ್ಕಕ್ಕಿಲ್ಲ. ನಾಳೆ ಇದೇ ಅಕ್ಷರ ಮತ್ತೆ ಕೊಡು."

ಅದೇ ಕಾನೂನಾಯಿತು. ಅಂಗಡಿ ಮುಚ್ಚಿ ದಿನವೂ ಹೋದ. ಹಲ್ಲು ಕಚ್ಚಿ ಹೋದ, ನೀರು ಕುಡಿದು ಹೋದ, ಹೆಂಡತಿ ಹೇಳಿದಂತೆ ನೂರರಿಂದ ಒಂದರವರೆಗೆ ಎಣಿಸುತ್ತ ಹೋದ. ಅತ್ತೆ ಕೇಳದ ಪ್ರಶ್ನೆಯಿಲ್ಲ. ಇದರ ಹೊಟ್ಟೆ ಯಾಕೆ ಸೀಳಿದೆ, ಅದರ ತಲೆ ಯಾಕೆ ಬೋಳು, ಇವೆರಡೂ ಅಕ್ಕತಂಗಿಯರಾದರೆ ಒಂದೇ ಮನೆಯಲ್ಲಿ ಯಾಕಿಲ್ಲ! ಎರಡು ವರ್ಷ ಪಾಠ ನಡೆಯಿತು. ಆ ಎರಡು ವರ್ಷದಲ್ಲಿ ಬೈಂಡರ್ ಕೂಗದೆ ಉಳಿದ ದಿನಗಳು ಒಟ್ಟು ಹನ್ನೊಂದು.

ಹನ್ನೊಂದನೆಯ ಅಕ್ಷರ ಲೆಕ್ಕಕ್ಕೆ ಬಂದ ಸಂಜೆ ಅವನಿಗೇ ನಾಚಿಕೆಯಾಗಿ, "ಬಹಳ ನಿಧಾನ ಆಯ್ತು ಅತ್ತೆ," ಎಂದ.

"ಆಗಲಿ ಬಿಡೋ," ಎಂದಳು ಅತ್ತೆ, ಬರೆದ ಅಕ್ಷರವನ್ನು ದೂರ ಹಿಡಿದು ನೋಡುತ್ತ. "ನಿನ್ನ ಸಿಟ್ಟು ಇಳಿದ ಹಾಗೆ ಕೊಡು. ನಾನೇನು ಎಲ್ಲಿಗೂ ಹೋಗಲ್ಲ."

ಯಾವತ್ತೂ ಮಾತಿಗೆ ತಪ್ಪದ ಅತ್ತೆ ಆ ಒಂದು ಮಾತಿಗೆ ತಪ್ಪಿದಳು. ಮೂವತ್ತೆಂಟು ಅಕ್ಷರ ಹಾಗೇ ಬಾಕಿ.